ಒಂದು ಸೆಕೆಂಡಿನ ಸ್ನ್ಯಾಪ್‌ಶಾಟ್, ಒಂದು ರಾತ್ರಿಯ ಪರದಾಟ

ರಾತ್ರಿ ಹನ್ನೊಂದೂವರೆ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ನನ್ನ ಟೆಸ್ಟ್ ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್. ಇದರ ಡಿಸ್ಕ್ ಅಂದರೆ ಒಂದೇ ಒಂದು ಫೈಲ್, ಕ್ಯೂಕೌ2 (qcow2) ಫಾರ್ಮ್ಯಾಟ್, 40 ಜಿಬಿ. ಇವತ್ತು ಒಳಗಿರುವ ಡೇಟಾಬೇಸ್ ಅಪ್‌ಗ್ರೇಡ್ ಮಾಡಬೇಕು. ಕೆಟ್ಟರೆ ವಾಪಸ್ ಬರೋಕೆ ದಾರಿ ಬೇಕಲ್ವಾ? ಆ ದಾರಿಯೇ ಸ್ನ್ಯಾಪ್‌ಶಾಟ್: ಡಿಸ್ಕ್ ಈ ಗಳಿಗೆಯಲ್ಲಿ ಹೇಗಿದೆಯೋ ಆ ಸ್ಥಿತಿಯನ್ನು ಉಳಿಸಿಡುವುದು.

ಮಷಿನ್ ಆಫ್ ಆಗಿದ್ದರೆ ಕೆಲಸ ಸುಲಭ. ಪಕ್ಕದ ಟರ್ಮಿನಲ್‌ನಲ್ಲಿ ಆಫ್ ಆಗಿರುವ ಇನ್ನೊಂದು ಮಷಿನ್ ಮೇಲೆ ತೋರಿಸುತ್ತೇನೆ. ಡಿಸ್ಕ್ ಫೈಲ್‌ಗಳನ್ನು ನಿಭಾಯಿಸುವ ಕಮಾಂಡ್ ಕ್ಯೂಎಮು-ಐಎಂಜಿ (qemu-img). ಕ್ಯೂಎಮು-ಐಎಂಜಿ ಸ್ನ್ಯಾಪ್‌ಶಾಟ್, ಮೈನಸ್ ಸಿ, ಒಂದು ಹೆಸರು, ಆಮೇಲೆ ಫೈಲ್. ಎಂಟರ್. ಮುಗಿಯಿತು. ಮೈನಸ್ ಎಲ್ ಕೊಟ್ಟರೆ ಪಟ್ಟಿ, ಮೈನಸ್ ಎ ಕೊಟ್ಟರೆ ಹಳೆಯ ಸ್ಥಿತಿ, ಮೈನಸ್ ಡಿ ಕೊಟ್ಟರೆ ಅಳಿಸುತ್ತದೆ.

ಅಷ್ಟು ದೊಡ್ಡ ಡಿಸ್ಕ್ ಇಷ್ಟು ಬೇಗ ಕಾಪಿ ಆಯಿತಾ? ಇಲ್ಲ. ಡೇಟಾ ಕಾಪಿ ಆಗಲೇ ಇಲ್ಲ. ಕ್ಯೂಕೌ2 ಡಿಸ್ಕನ್ನು ಕ್ಲಸ್ಟರ್ ಅನ್ನುವ ಸಣ್ಣ ತುಂಡುಗಳಾಗಿ ಇಡುತ್ತದೆ. ನಾವು ಬೇರೆ ಹೇಳದಿದ್ದರೆ ಒಂದೊಂದೂ 64 ಕೆಬಿ. ಯಾವ ಕ್ಲಸ್ಟರ್ ಎಲ್ಲಿದೆ ಅನ್ನುವುದಕ್ಕೆ ಒಂದು ಟೇಬಲ್ ಇರುತ್ತದೆ. ಸ್ನ್ಯಾಪ್‌ಶಾಟ್ ತೆಗೆದಾಗ ನಕಲಾಗುವುದು ಆ ಟೇಬಲ್. ಆಮೇಲೆ ಬರೆದದ್ದೆಲ್ಲ ಬೇರೆ ಜಾಗದಲ್ಲಿ ಕೂರುತ್ತದೆ, ಹಳೆಯದು ಇದ್ದಲ್ಲೇ ಇರುತ್ತದೆ. ಕಾಪಿ-ಆನ್-ರೈಟ್ ಅಂದರೆ ಇದೇ. ಎಲ್ಲವೂ ಅದೇ ಫೈಲ್ ಒಳಗಿದೆ, ನೋಡಿ. ಫೈಲ್ ಹೋದರೆ ಸ್ನ್ಯಾಪ್‌ಶಾಟೂ ಹೋಯಿತು. ಇದನ್ನು ಬ್ಯಾಕಪ್ ಅಂದುಕೊಂಡು ನಿದ್ದೆ ಮಾಡಬೇಡಿ.

ನಮ್ಮ ಡೇಟಾಬೇಸ್ ಮಷಿನ್ ಮಾತ್ರ ಈಗ ಓಡುತ್ತಿದೆ. ಓಡುತ್ತಿರುವ ಡಿಸ್ಕನ್ನು ಕ್ಯೂಎಮು-ಐಎಂಜಿಯಿಂದ ಬದಲಿಸಬಾರದು, ಫೈಲ್ ಕೆಟ್ಟುಹೋಗಬಹುದು. ಇಲ್ಲಿ ವರ್ಶ್ (virsh) ಬೇಕು, ಓಡುತ್ತಿರುವ ವರ್ಚುವಲ್ ಮಷಿನ್‌ಗಳನ್ನೂ ನಿಭಾಯಿಸುವ ಕಮಾಂಡ್. ಸ್ನ್ಯಾಪ್‌ಶಾಟ್-ಕ್ರಿಯೇಟ್-ಆಸ್, ಜೊತೆಗೆ ಡಿಸ್ಕ್-ಓನ್ಲಿ, ಕ್ವೈಯೆಸ್. ಕ್ವೈಯೆಸ್ ಇದ್ದರೆ ಒಳಗಿನ ಫೈಲ್‌ಸಿಸ್ಟಮ್ ಒಂದು ಕ್ಷಣ ಬರೆಯುವುದನ್ನು ನಿಲ್ಲಿಸುತ್ತದೆ. ಅದಕ್ಕೆ ಮಷಿನ್ ಒಳಗೆ ಗೆಸ್ಟ್ ಏಜೆಂಟ್, ಅಂದರೆ ಹೊರಗಿನ ಮಾತು ಕೇಳುವ ಸಣ್ಣ ಪ್ರೋಗ್ರಾಂ, ಓಡುತ್ತಿರಬೇಕು. ಕ್ವೈಯೆಸ್ ಇಲ್ಲದೆ ತೆಗೆದರೆ ಸಿಗುವುದು ಕರೆಂಟ್ ಹೋದ ಗಳಿಗೆಯ ಡಿಸ್ಕ್.

ಈಗ ಎರಡು ಫೈಲ್ ಆಯಿತು. ಹಳೆಯದು ಬೇಸ್. ಹೊಸದು ಓವರ್‌ಲೇ, ಅದರಲ್ಲಿ ಇನ್ನು ಮುಂದಿನ ಬದಲಾವಣೆ ಮಾತ್ರ.

ಹೋದ ಸಲ ನಾನು ಎಡವಿದ್ದು ಇಲ್ಲೇ. ಹಳೆಯ ಫೈಲ್ ಸುಮ್ನೆ ಬಿದ್ದಿದೆ ಅಂದುಕೊಂಡೆ. ಯಾವುದೋ ಸೆಟ್ಟಿಂಗ್ ನೋಡೋಕೆ ಅದರಿಂದಲೇ ಇನ್ನೊಂದು ಮಷಿನ್ ಬೂಟ್ ಮಾಡಿದೆ. ಐದೇ ನಿಮಿಷ. ಬೂಟ್ ಆಗುವಾಗ ಅದು ಲಾಗ್ ಬರೆಯಿತು, ಇನ್ನೇನೇನೋ ಬರೆಯಿತು. ಬೇಸ್ ಬದಲಾಗಿಲ್ಲ ಅನ್ನುವ ನಂಬಿಕೆ ಮೇಲೆ ನಿಂತಿದ್ದ ಓವರ್‌ಲೇ ಕುಸಿಯಿತು. ಬೆಳಗಿನ ತನಕ ಎಲ್ಲ ಹೊಸದಾಗಿ ಇನ್‌ಸ್ಟಾಲ್ ಮಾಡುತ್ತಾ ಕೂತಿದ್ದೆ. ತಪ್ಪು ಪೂರ್ತಿ ನನ್ನದೇ. ಈಗ ಯಾವ ಫೈಲ್ ಮುಟ್ಟುವ ಮೊದಲೂ ಕ್ಯೂಎಮು-ಐಎಂಜಿ ಇನ್ಫೋಗೆ ಬ್ಯಾಕಿಂಗ್-ಚೈನ್ ಸೇರಿಸಿ, ಯಾರ ಮೇಲೆ ಯಾರು ಕೂತಿದ್ದಾರೆ ಅಂತ ನೋಡುತ್ತೇನೆ. ಮಷಿನ್ ಓಡುತ್ತಿದ್ದರೆ ಫೋರ್ಸ್-ಶೇರ್ ಕೂಡ ಕೊಡಬೇಕು, ಇಲ್ಲದಿದ್ದರೆ ಲಾಕ್ ಸಿಗಲಿಲ್ಲ ಅನ್ನುತ್ತದೆ.

ಅಪ್‌ಗ್ರೇಡ್ ಮುಗಿಯಿತು, ಡೇಟಾಬೇಸ್ ಎದ್ದಿದೆ. ಓವರ್‌ಲೇಯನ್ನು ಬೇಸ್‌ಗೆ ಸೇರಿಸುವ ಕಮಾಂಡ್ ವರ್ಶ್‌ನ ಬ್ಲಾಕ್‌ಕಮಿಟ್, ಆಕ್ಟಿವ್, ಪಿವಟ್. ಇದನ್ನು ಮಷಿನ್ ನಿಲ್ಲಿಸದೆಯೇ ಮಾಡಬಹುದು. ಆದರೆ ಒಮ್ಮೆ ಸೇರಿಸಿದರೆ ಹಿಂದಿನ ಸ್ಥಿತಿ ಇರುವುದಿಲ್ಲ. ತುಂಬಾ ದಿನ ಬಿಟ್ಟರೆ ಓವರ್‌ಲೇ ಉಬ್ಬುತ್ತಾ ಹೋಗುತ್ತದೆ, ಅದೂ ತಲೆನೋವೇ. ಎರಡು ದಿನ ಹಾಗೇ ಓಡಲಿ. ಕಮಾಂಡ್ ಟೈಪ್ ಮಾಡಿ ಇಟ್ಟಿದ್ದೇನೆ, ಎಂಟರ್ ಒತ್ತಿಲ್ಲ.