ಬಾದಾಮಿ ಮರದ ಮೇಲೆ ಕೆಂಪು ಗಿಣಿ

ಕೇಳುಗರಿಗೆಲ್ಲ ನಮಸ್ಕಾರ.

ಬನಶಂಕರಿಯಲ್ಲಿ ನಮ್ಮ ಮನೆ ಮುಂದೆ ಒಂದು ಕಾಡುಬಾದಾಮಿ ಮರ ಇದೆ. ನಿಮ್ಮ ಬೀದಿಯಲ್ಲೂ ಒಂದು ಇರಬಹುದು. ಕೊಡೆಯ ಮೇಲೆ ಕೊಡೆ ಬಿಚ್ಚಿಟ್ಟ ಹಾಗೆ ಅಂತಸ್ತು ಅಂತಸ್ತಾಗಿ ಕೊಂಬೆಗಳು. ಅಂಗೈಗಿಂತ ದೊಡ್ಡ ಎಲೆ. ಚಳಿಗಾಲದಲ್ಲಿ ಅವು ಕೆಂಪಾಗಿ ಉದುರುತ್ತವೆ. ಉದುರುವುದೆಲ್ಲ ಪಕ್ಕದ ಮನೆಯವರ ಕಾರಿನ ಮೇಲೇ. "ಕಡಿಸಿಬಿಡೋಣ ಸಾರ್" ಅಂತ ಅವರು, "ನೋಡೋಣ ಸಾರ್" ಅಂತ ನಾನು. 15 ವರ್ಷದಿಂದ ಇದೇ ಮಾತು.

ಈ ಮರವನ್ನೇ ಹೋದ ಜನವರಿಯಲ್ಲಿ ಭೂಮಿಯ ಆ ಮಗ್ಗುಲಲ್ಲಿ ನೋಡಿ ಬಂದೆ.

ನನ್ನ ಮಗಳು ಇರುವುದು ಅಮೆರಿಕದಲ್ಲಿ. "ಅಪ್ಪಾ, ಕಬಿನಿ, ಬಂಡೀಪುರ ಎಷ್ಟು ಸಲ ಅಂತ ಸುತ್ತುತ್ತೀರಾ? ಈ ಸಲ ಕೋಸ್ಟರೀಕಾಕ್ಕೆ ಹೋಗೋಣ" ಅಂದಳು. ಮ್ಯಾಪ್ ತೆಗೆದು ನೋಡಿದೆ. ಉತ್ತರ ಅಮೆರಿಕ, ದಕ್ಷಿಣ ಅಮೆರಿಕ ಎರಡನ್ನೂ ಕೂಡಿಸುವ ಸಣ್ಣ ಸೊಂಟದಂಥ ಜಾಗ. ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ ದೇಶ. 1948ರಲ್ಲೇ ಸೈನ್ಯ ಬೇಡ ಅಂತ ತೆಗೆದುಹಾಕಿದವರು. ಅಲ್ಲಿ ಬೆಳಗ್ಗೆ 6 ಗಂಟೆ ಆದಾಗ ನಮ್ಮಲ್ಲಿ ಸಂಜೆ ಐದೂವರೆ. ನನ್ನ ನಿದ್ದೆಗೆ ಇದು ಕೊನೆಯ ದಿನದವರೆಗೂ ಅರ್ಥವಾಗಲಿಲ್ಲ.

ನಾವು ಹೋದದ್ದು ಆ ದೇಶದ ನೈಋತ್ಯ ಮೂಲೆಗೆ. ಓಸಾ ಅಂತ ಒಂದು ಪರ್ಯಾಯ ದ್ವೀಪ. ಅದರ ಮೇಲೆ ಕೊರ್ಕೊವಾದೊ ರಾಷ್ಟ್ರೀಯ ಉದ್ಯಾನ. ನಮ್ಮ ತಿರುವನಂತಪುರ ಇರುವ ಅಕ್ಷಾಂಶವೇ ಹೆಚ್ಚುಕಡಿಮೆ, ಆದ್ದರಿಂದ ಸೆಕೆ ನಮಗೆ ಗೊತ್ತಿರುವಂಥದ್ದೇ. ಪೆಸಿಫಿಕ್ ಸಮುದ್ರದ ಮರಳು ಮುಗಿದ ಕಡೆಯಿಂದಲೇ ಮಳೆಕಾಡು ಶುರುವಾಗುತ್ತದೆ. ನಾವಿಳಿಯಬೇಕಿದ್ದ ಸಿರೇನಾ ಅನ್ನುವ ಅರಣ್ಯ ಠಾಣೆಗೆ ಮೋಟಾರು ರಸ್ತೆ ಇಲ್ಲ. ಸಿಯೆರ್ಪೆ ಅನ್ನುವ ಊರಿನಿಂದ ಹೊಳೆಗುಂಟ ದೋಣಿ. ಎರಡೂ ಕಡೆ ಕಾಂಡ್ಲಾ ಕಾಡು, ಥೇಟ್ ನಮ್ಮ ಹೊನ್ನಾವರದ ಅಳಿವೆ. ಆಮೇಲೆ ಸಮುದ್ರ, ಡ್ರೇಕ್ ಕೊಲ್ಲಿ. ಅಲ್ಲಿ ರಾತ್ರಿ ಉಳಿದು, ನಸುಕಿನಲ್ಲಿ ಮತ್ತೆ ದೋಣಿ.

ಸಿರೇನಾದಲ್ಲಿ ಜೆಟ್ಟಿ ಅಂತ ಏನೂ ಇಲ್ಲ. ಅಲೆ ಹಿಂದಕ್ಕೆ ಸರಿದಾಗ ದೋಣಿಯವನು "ಈಗ, ಈಗ!" ಅಂತ ಕೂಗುತ್ತಾನೆ, ನಾವು ಧುಮುಕಬೇಕು. ನಾನು ಪ್ಯಾಂಟು ಮಡಿಸಿಕೊಂಡು, ಶೂ ಕೊರಳಿಗೆ ಕಟ್ಟಿಕೊಂಡು ರೆಡಿಯಾದೆ. ಧುಮುಕುವ ಹೊತ್ತಿಗೆ ಇನ್ನೊಂದು ಅಲೆ ಬಂತು. ಸೊಂಟದವರೆಗೆ ನೆನೆದೆ. ಶೂ ಒಳಗೆ ತುರುಕಿದ್ದ ಒಂದು ಕಾಲುಚೀಲ ಪೆಸಿಫಿಕ್‌ನ ಪಾಲಾಯಿತು. ಒಂಟಿ ಕಾಲುಚೀಲದಲ್ಲೇ ಎರಡು ದಿನ ಕಾಡು ಸುತ್ತಿದೆ ಅಂದರೆ ನಂಬಿ.

ಇನ್ನೊಂದು ಸಂಕಟ ಊಟದ್ದು. ಸಿರೇನಾಕ್ಕೆ ಹೊರಗಿನ ತಿಂಡಿ ತರುವಂತಿಲ್ಲ. ವಾಸನೆ ಹಿಡಿದು ಪ್ರಾಣಿಗಳು ಜನರ ಹತ್ತಿರ ಬರುತ್ತವೆ ಅಂತ. ನನ್ನ ಹೆಂಡತಿ ಮನೆಯಿಂದ ಕಟ್ಟಿ ತಂದಿದ್ದ ಕೋಡುಬಳೆ ಡಬ್ಬಿ ಡ್ರೇಕ್‌ನ ಲಾಡ್ಜಿನಲ್ಲೇ ಉಳಿಯಿತು. ಅವಳಿಗೆ ಇವತ್ತಿಗೂ ಬೇಜಾರು. ಆದರೆ ಮಧ್ಯಾಹ್ನ ತಟ್ಟೆಗೆ ಏನು ಬಂತು ಗೊತ್ತಾ? ಅನ್ನ, ಕಪ್ಪು ಕಾಳು, ಪಕ್ಕದಲ್ಲಿ ಸೀಮೆಬದನೆ ಪಲ್ಯ! ಅವರು ಅದನ್ನು ಚಯೋತೆ ಅನ್ನುತ್ತಾರೆ. ಮೂಲ ಆ ಕಡೆಯದೇ. ತಮಿಳುನಾಡಿನವರು ಅದಕ್ಕೆ ಬೆಂಗಳೂರು ಬದನೆ ಅನ್ನುತ್ತಾರೆ ಅಂತ ಮಗಳು ಹೇಳಿದಾಗ ಬಡಿಸುತ್ತಿದ್ದಾಕೆ ನಕ್ಕು ಇನ್ನೊಂದು ಸೌಟು ಹಾಕಿದಳು.

ಬಂಡೀಪುರದಲ್ಲಿ ನಾವು ಜೀಪಿನಲ್ಲಿ ಕೂತಿರುತ್ತೇವೆ. ಹುಲಿ ಕಂಡರೆ ಸಫಾರಿ, ಇಲ್ಲದಿದ್ದರೆ ದುಡ್ಡು ದಂಡ, ಅಲ್ವಾ? ಇಲ್ಲಿ ಜೀಪೇ ಇಲ್ಲ. ನಡೆಯಬೇಕು, ಅದೂ ಗೈಡ್ ಜೊತೆಗೇ. 2014ರಿಂದ ಅದು ಕಡ್ಡಾಯ. ನಮ್ಮ ಗೈಡ್ ಮೂವತ್ತರ ಹುಡುಗ. ಮೂರು ಕಾಲಿನ ಮೇಲೆ ನಿಲ್ಲಿಸುವ ದುರ್ಬೀನು ಹೆಗಲಲ್ಲಿ. ಅವನ ಅಜ್ಜ ಇದೇ ಹೊಳೆಗಳಲ್ಲಿ ಮರಳು ಸೋಸಿ ಚಿನ್ನ ತೆಗೆಯುತ್ತಿದ್ದರಂತೆ. 1975ರಲ್ಲಿ ಉದ್ಯಾನ ಆಯಿತು. ಆದರೂ ಚಿನ್ನದವರು ನುಗ್ಗುತ್ತಲೇ ಇದ್ದರು. 1986ರಲ್ಲಿ ಸರ್ಕಾರ ಅವರನ್ನೆಲ್ಲ ಹೊರಗೆ ಕಳಿಸಿತು. "ಅಜ್ಜ ಸಾಯೋವರೆಗೂ ಪಾರ್ಕಿನವರನ್ನ ಬೈತಾ ಇದ್ದ. ಈಗ ನನ್ನ ಅನ್ನ ಅದೇ ಪಾರ್ಕಿಂದ" ಅಂದ. ನಾನು ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳ ಇತ್ತು ಅಂದೆ. ಅವನು ನಂಬಲಿಲ್ಲ ಅಂತ ಕಾಣುತ್ತದೆ.

ಬೆಳಿಗ್ಗೆ ಐದಕ್ಕೆ ಎಬ್ಬಿಸಿದ್ದು ಹೌಲರ್ ಮಂಗ. ನಾನಂತೂ ಬೆಚ್ಚಿಬಿದ್ದೆ. ಓವರ್‌ಲೋಡ್ ಲಾರಿ ಗೇರು ಬದಲಿಸದೆ ಘಾಟಿ ಹತ್ತಿದರೆ ಬರುತ್ತದಲ್ಲ, ಆ ಸದ್ದು. ಗಂಟಲಲ್ಲಿ ಟೊಳ್ಳು ಮೂಳೆಯೊಂದು ಉಬ್ಬಿಕೊಂಡಿರುತ್ತದೆ, ಅದೇ ಅದರ ಲೌಡ್‌ಸ್ಪೀಕರ್. ಮಂಗ ಮಾತ್ರ ನಮ್ಮ ಮುಸಿಯದಷ್ಟೂ ಇಲ್ಲ! ಕೋಸ್ಟರೀಕಾದ ನಾಲ್ಕೂ ಜಾತಿ ಮಂಗಗಳು ಈ ಒಂದೇ ಕಾಡಿನಲ್ಲಿವೆ. ನಾಲ್ಕನ್ನೂ ನೋಡಿದೆವು.

ಟೇಪಿರ್ ಕಂಡದ್ದು ಮಧ್ಯಾಹ್ನ. ಅಲ್ಲಿಯವರು ದಾಂತಾ ಅನ್ನುತ್ತಾರೆ. ಸಮುದ್ರದಿಂದ ಇಪ್ಪತ್ತು ಹೆಜ್ಜೆ ಒಳಗೆ, ಕೆಸರಿನಲ್ಲಿ ಮಲಗಿತ್ತು. ಇನ್ನೂರು ಕಿಲೋ ತೂಗುವ ಪ್ರಾಣಿ, ಗೈಡ್ ಬೆರಳು ತೋರಿಸುವವರೆಗೂ ನನಗೆ ಅದು ಮರದ ದಿಮ್ಮಿ. ಎಮ್ಮೆಕರುವಿನ ಮೈಗೆ ಹಂದಿಯ ಬೆನ್ನು ಜೋಡಿಸಿ, ಆನೆಯ ಸೊಂಡಿಲು ಅಂಟಿಸಲು ಹೋಗಿ ಗೇಣುದ್ದಕ್ಕೇ ಸಾಕು ಅಂತ ಬಿಟ್ಟ ಹಾಗೆ. ನಂಟಸ್ತಿಕೆ ಮಾತ್ರ ಕುದುರೆ, ಘೇಂಡಾಮೃಗದ ಜೊತೆ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ನಿದ್ದೆಯಲ್ಲೇ ಮೂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನಮ್ಮ ವಾಸನೆ ನೋಡಿತು. ಬಿಳಿ ಅಂಚಿನ ಕಿವಿ ಒಮ್ಮೆ ಪಟ್ ಅಂತ ಅಲ್ಲಾಡಿತು, ಸೊಳ್ಳೆಗಿರಬೇಕು. ಕಣ್ಣು ಬಿಡಲಿಲ್ಲ. ನಾವು ಬಂದದ್ದು ಅದಕ್ಕೆ ಒಂದು ಸಂಗತಿಯೇ ಅಲ್ಲ.

ಕೆಸರಾದ ಕಾಲು ತೊಳೆಯೋಣ ಅಂತ ನಾನು ಸುಮ್ನೆ ಹೊಳೆಯ ಕಡೆ ಹೊರಟೆ. ಗೈಡ್ ರಟ್ಟೆ ಹಿಡಿದು ಎಳೆದ. ಸಿರೇನಾ ಹೊಳೆ ಸಮುದ್ರ ಸೇರುವ ಕಡೆ ಮೊಸಳೆ ಇವೆ. ಭರತ ಬಂದಾಗ ಬುಲ್ ಶಾರ್ಕ್‌ಗಳೂ ಹೊಳೆಯೊಳಕ್ಕೆ ಬರುತ್ತವೆ. ಕಾಲು ಹಾಗೇ ಕೆಸರಾಗಿರಲಿ ಅಂದುಕೊಂಡೆ.

ವಾಪಸು ಬರುವಾಗ ದಂಡೆಯ ಮರವೊಂದರ ಮೇಲಿನಿಂದ ಏನೋ ತಲೆಗೆ ಬಿತ್ತು. ನೋಡಿದರೆ ಬಾದಾಮಿ ಕಾಯಿಯ ಸಿಪ್ಪೆ. ತಲೆ ಎತ್ತಿದೆ. ಅದೇ ಅಂತಸ್ತು ಕೊಂಬೆ, ಅದೇ ಎಲೆ, ನಮ್ಮ ಮನೆ ಮುಂದಿನ ಮರವೇ! ಅದರ ತುಂಬ ಕೆಂಪು ಮಕಾವ್ ಗಿಣಿಗಳು. ಕುಂಕುಮದಂಥ ಮೈ, ರೆಕ್ಕೆಯಲ್ಲಿ ಹಳದಿ, ನೀಲಿ. ತಲೆಯಿಂದ ಬಾಲದ ತುದಿಗೆ ಒಂದೂಮುಕ್ಕಾಲು ಮೊಳ. ಒಂದು ಗಿಣಿ ಒಂದು ಕಾಲಲ್ಲಿ ಕೊಂಬೆ, ಇನ್ನೊಂದರಲ್ಲಿ ಕಾಯಿ ಹಿಡಿದು, ನಾಲಿಗೆಯಿಂದ ತಿರುಗಿಸಿ ತಿರುಗಿಸಿ, ನಾರು ಸುಲಿದು, ಕಟಕ್ ಅಂತ ಒಡೆದು ತಿನ್ನುತ್ತಿತ್ತು. ಚಿಕ್ಕವನಿದ್ದಾಗ ಚಪ್ಪಡಿ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿ, ಅರ್ಧ ಸಲ ಬೆರಳನ್ನೂ ಜಜ್ಜಿಕೊಂಡು, ಕೊನೆಗೆ ಸಿಗುತ್ತಿದ್ದ ಆ ಚೂರು ಬೀಜ ನೆನಪಾಯಿತು. ಈ ಗಿಣಿಗೆ ಅದು ನಿಮಿಷದ ಕೆಲಸ.

"ಇದು ನಿಮ್ಮ ಮರ, ಇಂಡಿಯಾ ಕಡೆಯದು" ಅಂದ ಗೈಡ್. ಏಷ್ಯಾದ ತೀರದ ಮರವನ್ನು ಜನ ಅಲ್ಲಿಗೊಯ್ದು ನೆಟ್ಟರು, ಗಿಣಿಗಳು ಅದನ್ನು ತಮ್ಮ ಅಡುಗೆಮನೆ ಮಾಡಿಕೊಂಡವು. ಹಾಗಾದರೆ ಲೆಕ್ಕ ಸಮ ಅಂತ ನಾನು ಹೇಳಿದೆ. ಕಬ್ಬನ್ ಪಾರ್ಕಿನ ಮಳೆಮರ, ಮಾರ್ಚ್ ಹೊತ್ತಿಗೆ ನಮ್ಮ ರಸ್ತೆಗಳಲ್ಲಿ ಗುಲಾಬಿ ಹೂ ಸುರಿಸುವ ಟಬೂಬಿಯಾ, ನಾವು ಶಿವನಿಗೆ ಇಡುವ ನಾಗಲಿಂಗ ಹೂವು, ಎಲ್ಲ ಅವರ ಕಡೆಯಿಂದ ಬಂದವು. ನಾಗಲಿಂಗದ ಹೂವಿನ ಫೋಟೋ ಮೊಬೈಲಿನಲ್ಲಿತ್ತು. ಒಳಗಿನ ಲಿಂಗ, ಮೇಲಿನ ಹೆಡೆ ತೋರಿಸಿ ವಿವರಿಸಿದೆ. ಅವನು ತುಂಬ ಹೊತ್ತು ನೋಡಿದ.

ಬೆಂಗಳೂರಿಗೆ ಬಂದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ, "ಜಾಗ್ವಾರ್ ಕಂಡ್ತಾ?" ಇಲ್ಲ, ಕಾಣಲಿಲ್ಲ.

ಬಂದ ರಾತ್ರಿ ನಿದ್ದೆ ಬರಲಿಲ್ಲ. ಮೂರು ಗಂಟೆಗೆ ಬಾಲ್ಕನಿಯಲ್ಲಿ ಕೂತಿದ್ದೆ. ಬಾದಾಮಿ ಮರದಲ್ಲಿ ಬಾವಲಿಗಳು ಕಚಪಚ ಮಾಡುತ್ತಿದ್ದವು. ಒಂದು ಕಾಯಿ ಕಾರಿನ ಮೇಲೆ ಟಣ್ ಅಂತ ಬಿತ್ತು. ಪಕ್ಕದ ಮನೆಯಲ್ಲಿ ಲೈಟು ಹತ್ತಿತು. ನಾನು ಸದ್ದಿಲ್ಲದೆ ಎದ್ದು ಒಳಗೆ ಬಂದೆ.

ನಮಸ್ಕಾರ.