ಕಯಾಮದ ಬ್ಲೋಹೋಲ್: ಬಂಡೆಯೊಳಗಿಂದ ಚಿಮ್ಮುವ ಕಡಲು

ಈಗ ನೀವು ನೋಡುತ್ತಿರುವುದು ಆಸ್ಟ್ರೇಲಿಯಾದ ಕಯಾಮ ಎಂಬ ಊರಿನ ಬ್ಲೋಹೋಲ್. ಸಿಡ್ನಿಯಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿ, 1887ರ ದೀಪಸ್ತಂಭದ ಪಕ್ಕದಲ್ಲಿರುವ ಈ ಕಪ್ಪು ಬಂಡೆಯ ಕುಳಿಯಿಂದ, ಅಬ್ಬರದ ದಿನಗಳಲ್ಲಿ ಕಡಲಿನ ನೀರು 25 ಮೀಟರ್‌ವರೆಗೂ ಚಿಮ್ಮುವುದುಂಟು. ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ನಮ್ಮ ಮನೆಯಲ್ಲಿ ಈ ವಿಡಿಯೊ ನೋಡಿದ ಅಪ್ಪಯ್ಯ, "ಅಷ್ಟು ನೀರನ್ನ ಮೇಲಕ್ಕೆ ನೂಕೋದು ಯಾವುದು ಮಾರಾಯಾ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು.

ನೂಕುವುದು ಗಾಳಿ. 25 ಕೋಟಿ ವರ್ಷಗಳಿಗೂ ಹಿಂದೆ ಹರಿದ ಲಾವಾರಸ ಆರಿ ಗಟ್ಟಿಯಾದ ಬಂಡೆಯಿದು. ಅದರ ದುರ್ಬಲ ಸೀಳುಗಳನ್ನು ಅಲೆಗಳು ಕೊರೆಯುತ್ತ ಬಂದು ಗುಹೆ ಮಾಡಿವೆ, ಒಳತುದಿಯಲ್ಲಿ ಗುಹೆಯ ಚಾವಣಿ ಕುಸಿದು ಆಕಾಶಕ್ಕೆ ಬಾಯಿ ತೆರೆದಿದೆ. ದೊಡ್ಡ ಅಲೆಯೊಂದು ಗುಹೆಯನ್ನು ತುಂಬಿಕೊಂಡು ನುಗ್ಗಿದಾಗ ಒಳಗೆ ಸಿಕ್ಕಿಬಿದ್ದ ಗಾಳಿ ಒತ್ತಿಹೋಗಿ, ಅಡಿಕೆ ಕೊನೆಗಳಿಗೆ ಕೊಳೆ ಔಷಧಿ ಹೊಡೆಯುವ ಪಂಪಿನಲ್ಲಿ ಆಗುವಂತೆಯೇ, ಆ ಒತ್ತಡ ನೀರನ್ನು ಎತ್ತರಕ್ಕೆ ಎಸೆಯುತ್ತದೆ. ಧ್ವನಿಯನ್ನು ಗಮನವಿಟ್ಟು ಕೇಳಿ: ಮೊದಲು ನೀರು ಹಿಂದೆ ಸರಿಯುವ ಸುಯ್ಯೆನ್ನುವ ಸದ್ದು, ಕ್ಷಣಕಾಲ ಮೌನ, ಆಮೇಲೆ ಪಾದಕ್ಕೆ ತಾಗುವ ಗುಡುಗು, ಅದರ ಬೆನ್ನಿಗೇ ಬಿಳಿಯ ಕಂಬ. ಕಂಬ ಕುಸಿದ ಮೇಲೂ ಬಂಡೆಯ ಬಿರುಕುಗಳಿಂದ ನೀರು ಸಣ್ಣ ಎಳೆಗಳಾಗಿ ಕುಳಿಗೆ ಇಳಿಯುತ್ತಲೇ ಇರುತ್ತದೆ. ನನಗೆ ಕಂಬಕ್ಕಿಂತ ಹೆಚ್ಚು ಹಿಡಿಸಿದ್ದು ಆ ಎಳೆಗಳು.

1797ರ ಡಿಸೆಂಬರ್‌ನಲ್ಲಿ ಜಾರ್ಜ್ ಬಾಸ್ ಎಂಬ ನಾವಿಕ ಸಣ್ಣ ದೋಣಿಯಲ್ಲಿ ಬಂದು ಇದನ್ನು ಕಂಡು ಬರೆದಿಟ್ಟ. ಅಲ್ಲಿನ ಮೂಲನಿವಾಸಿಗಳಿಗೆ ಅದಕ್ಕೂ ಬಹಳ ಹಿಂದಿನಿಂದಲೇ ಈ ಜಾಗ ಗೊತ್ತಿತ್ತು.

ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಜೋಗಕ್ಕೆ ಹೊರಡುವ ನೆಂಟರಿಗೆ ನಾವು "ನೀರು ಬಿಟ್ಟಿದಾರಾ ಕೇಳಿಕೊಂಡು ಹೋಗಿ" ಎನ್ನುತ್ತೇವಲ್ಲ, ಕಯಾಮಕ್ಕೂ ಅದೇ ಮಾತು ಸಲ್ಲುತ್ತದೆ. ಆದರೆ ಇಲ್ಲಿ ವಿಚಾರಿಸಬೇಕಾದದ್ದು ಅಲೆಯ ದಿಕ್ಕನ್ನು. ಆಗ್ನೇಯದಿಂದ ದೊಡ್ಡ ಅಲೆಗಳು ಏಳುವ ದಿನ ಬ್ಲೋಹೋಲ್ ತನ್ನ ಪೂರ್ಣ ಶಕ್ತಿ ತೋರಿಸುತ್ತದೆ. ಕಡಲು ಶಾಂತವಾಗಿದ್ದರೆ ಕುಳಿಯ ತಳದಲ್ಲಿ ನೀರು ಹೊಯ್ದಾಡುವುದಷ್ಟೇ ಕಾಣುತ್ತದೆ. ಎಷ್ಟೇ ಶಾಂತವಾಗಿರಲಿ, ಬೇಲಿ ದಾಟಬೇಡಿ. ಒದ್ದೆಯಾಗಿ ಹೊಳೆಯುವ ಬಂಡೆಯೆಂದರೆ ಅಲೆ ಅಲ್ಲಿಯವರೆಗೆ ಬಂದುಹೋಗಿದೆ ಎಂದೇ ಅರ್ಥ. ದೊಡ್ಡದು ಸುಮ್ಮನಿದ್ದ ದಿನ ನಿರಾಶರಾಗಿ ಮರಳಬೇಕಿಲ್ಲ. ಅದೇ ಊರಿನ ದಕ್ಷಿಣ ಭಾಗದಲ್ಲಿ ಇನ್ನೊಂದು ಚಿಕ್ಕ ಬ್ಲೋಹೋಲ್ ಇದೆ; ಅದರ ಬಾಯಿ ಕಿರಿದಾದ್ದರಿಂದ ಸಾಧಾರಣ ಅಲೆಗೂ ನೀರು ಚಿಮ್ಮುತ್ತದೆ.