ಪೋರ್ಚುಗೀಸ್ ಸಿಂಪಿಯ ತವರು ಯಾವುದು?

ಕೇಳುಗರಿಗೆಲ್ಲ ನಮಸ್ಕಾರ. ಪರಂಗಿ ಹಣ್ಣು ಪರಂಗಿಯವರ ದೇಶದ್ದಲ್ಲ, ಅಮೆರಿಕ ಕಡೇದು, ಅವರ ಹಡಗಲ್ಲಿ ಬಂತು ಅಂತ ನಾವು ಆ ಹೆಸರಿಟ್ವಿ ಅಷ್ಟೆ. ಯುರೋಪಿನವರೂ ಹೀಗೇ ಒಂದು ಹೆಸರು ನಂಬಿ ಏಮಾರಿದ್ದಾರೆ, ಪೋರ್ಚುಗೀಸ್ ಆಯ್ಸ್ಟರ್ ಅಂತ. ಆಯ್ಸ್ಟರ್ ಅಂದ್ರೆ ಕಲ್ಲಿಗೆ ಕಚ್ಕೊಂಡು ಬೆಳೆಯೋ ಸಿಂಪಿ.

1868ರಲ್ಲಿ ಮೋರ್ಲೇಸಿಯಾನ್ ಅನ್ನೋ ಹಡಗು ಪೋರ್ಚುಗಲ್ಲಿಂದ ಈ ಸಿಂಪಿ ತುಂಬ್ಕೊಂಡು ಬರ್ತಿತ್ತು, ಬಿರುಗಾಳಿ ಎದ್ದು ಫ್ರಾನ್ಸಿನ ಜಿರೋಂಡ್ ಅಳಿವೆಗೆ ಹೋಗಿ ನಿಂತ್ಕೊಂಡ್ತು, ಮಾಲು ಕೊಳೀತು ಅಂದ್ಕೊಂಡು ಎಲ್ಲಾ ನೀರಿಗೆ ಸುರಿದ್ಬಿಟ್ರು. ಎಲ್ಲಾ ಸತ್ತಿರಲಿಲ್ಲ! ಉಳಿದವು ಮರಿ ಹಾಕಿ ಕರಾವಳಿ ತುಂಬಾ ಹರಡಿದ್ವು, ಸಿಂಪಿ ಸಾಕೋರೂ ಖುಷಿಯಾಗೇ ಸಾಕಿದ್ರು.

ಅದು ನಿಜವಾಗ್ಲೂ ಪೋರ್ಚುಗಲ್ಲಿಂದಾ? 1819ರಲ್ಲೇ ಫ್ರಾನ್ಸಿನ ಜೀವವಿಜ್ಞಾನಿ ಲಮಾರ್ಕ್ ಇದನ್ನ ಬೇರೆ ಜಾತಿ ಅಂತ ಹೆಸರಿಸಿದ್ದ. ಆದ್ರೆ ಜಪಾನಿನ ಸಿಂಪಿ ಪಕ್ಕ ಇಟ್ರೆ ಗುರುತೇ ಸಿಗಲ್ಲ, ಎರಡನ್ನೂ ಕೂಡಿಸಿದ್ರೆ ಮರೀನೂ ಆಗ್ತವೆ, ಅದೂ ಅಲ್ದೆ ಕೂತ ಕಲ್ಲಿನ ಆಕಾರಕ್ಕೇ ಚಿಪ್ಪು ಬೆಳೆಯೋ ಪ್ರಾಣಿ ಇದು, ರೂಪ ನೋಡಿ ಏನಂತ ಹೇಳೋದು? 1998ರಲ್ಲಿ ಮೈಟೊಕಾಂಡ್ರಿಯಾ, ಅಂದ್ರೆ ಜೀವಕೋಶಕ್ಕೆ ಶಕ್ತಿ ಒದಗಿಸೋ ಭಾಗ, ಅದರ ಡಿಎನ್ಎ ಹಿಡಿದು ನೋಡಿದ್ರು. ಈ ಡಿಎನ್ಎ ತಾಯಿ ಕಡೆಯಿಂದ ಮಾತ್ರ ಬರುತ್ತೆ, ಅಂದ್ರೆ ತವರಿನ ಗುರುತು. ಹೊಂದಿಕೆ ಆಗಿದ್ದು ತೈವಾನಿನ ಸಿಂಪಿ ಜೊತೆ! ಏಷ್ಯಾಕ್ಕೆ ಓಡಾಡ್ತಿದ್ದ ಪೋರ್ಚುಗೀಸ್ ಹಡಗುಗಳ ತಳಕ್ಕೆ ಅಂಟ್ಕೊಂಡು ಹೋಗಿರ್ಬೇಕು ಅಂತ ಊಹೆ.

ಕಥೆ ಅಲ್ಲಿಗೇ ನಿಲ್ಲಲ್ಲ. 1970ರ ಆಸುಪಾಸು ವೈರಸ್ ಬಡಿದು ಫ್ರಾನ್ಸಲ್ಲಿ ಈ ಸಿಂಪಿ ನೆಲ ಕಚ್ತು, ಆ ಜಾಗಕ್ಕೆ ಜಪಾನಿಂದ ಮರಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ದೊಡ್ಡ ಸಿಂಪಿ ತರಿಸಿದ್ರು. ಕೆನಡಾದ್ದೂ ಮೂಲದಲ್ಲಿ ಜಪಾನಿಂದ ಹೋಗಿದ್ದೇ ಅನ್ನಿ. ಡಚ್ಚರು 1964ರಲ್ಲೇ ತಮ್ಮ ನೆದರ್‌ಲ್ಯಾಂಡ್ಸಿನ ಓಸ್ಟರ್‌ಸ್ಖೆಲ್ಡೆ ಅನ್ನೋ ಅಳಿವೆಗೆ ಜಪಾನಿನ ಸಿಂಪಿ ತಂದಿದ್ರು, ಜರ್ಮನಿಯ ಸಿಲ್ಟ್ ದ್ವೀಪದಲ್ಲಿ 1986ರಲ್ಲಿ ಫಾರಂ ಶುರುವಾಯ್ತು. ಇಲ್ಲಿನ ನೀರು ತಣ್ಣಗಿದೆ, ಮರಿ ಆಗಲ್ಲ ಅನ್ನೋ ಧೈರ್ಯ ಬೇರೆ. ಐದೇ ವರ್ಷ, 1991ರಲ್ಲಿ ಫಾರಂ ಹೊರಗೂ ಸಿಕ್ತು.

ಆಮೇಲೆ ನೆದರ್‌ಲ್ಯಾಂಡ್ಸ್, ಜರ್ಮನಿ, ಡೆನ್ಮಾರ್ಕ್ ಕರಾವಳಿಯ ಆಳವಿಲ್ಲದ ವಾಡನ್ ಸಮುದ್ರದುದ್ದಕ್ಕೂ ಹಬ್ಬಿದ್ದೆಲ್ಲ ಒಂದೇ ಮನೆಯವು ಅನ್ಕೋಬಹುದಿತ್ತು. ಜೀನ್ ನೋಡಿದ್ರೆ ಎರಡು ಗುಂಪು! ದಕ್ಷಿಣದವು ಡಚ್ಚರ ಕಡೆಯವು, ಉತ್ತರದವು ಸಿಲ್ಟ್ ಫಾರಂನವು, ಅದಕ್ಕೆ ಮರಿ ಬಂದಿದ್ದು ಬ್ರಿಟನ್ನಿನ ಹ್ಯಾಚರಿಯಿಂದ, ಅಂದ್ರೆ ಮರಿ ಮಾಡಿಸೋ ಜಾಗದಿಂದ. ಎರಡು ಸಲ, ಎರಡು ಬಾಗಿಲಿಂದ ಒಳಗೆ ಬಂದಿವೆ. ಈಗ ಅಲ್ಲಿ ನೀಲಿ ಮಸಲ್ ಚಿಪ್ಪಿನ ಹಾಸುಗಳ ಮೇಲೆಲ್ಲ ಇವೇ ಕೂತಿವೆ, ಇಳಿತ ಆದಾಗ ಅದರ ಮೇಲೆ ಬರಿಗಾಲಲ್ಲಿ ಕಾಲಿಟ್ರೆ ಬ್ಲೇಡಿನ ಥರ ಕುಯ್ದುಬಿಡುತ್ತೆ.